ಕಾಲು ತೊಳೆಯದೆ ಬಂದದ್ದು

ಹೆಮ್ಮರಗಾಲದ ಶಿವಮಲ್ಲಪ್ಪನವರ ಬಾಳೆ ತೋಟಕ್ಕೆ ಹೋಗುವವರು ಯಾರೇ ಆಗಲಿ, ಗೇಟಿನ ಹತ್ತಿರ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕಿತ್ತು. ಸರ್ಕಾರಿ ಜೀಪಿನಲ್ಲಿ ಬಂದ ಅಧಿಕಾರಿಗಳಿಗೂ ಅದೇ, ಕೂಲಿಗೆ ಬಂದ ಆಳಿಗೂ ಅದೇ. ಮಗಳ ಮದುವೆಯ ಮಾತುಕತೆಗೆ ಬಂದ ಬೀಗರನ್ನೂ ಅವರು ಹೀಗೇ ನಿಲ್ಲಿಸಿದ್ದರು. ಬೀಗರು ಜರಿಪಂಚೆ ಎತ್ತಿಕೊಂಡು ಕಾಲು ಅದ್ದಿದರು. ಇವರು ಹೆಣ್ಣು ಕೊಡುವುದಕ್ಕೆ ಕರೆದರೋ ಆಸ್ಪತ್ರೆಗೆ ಸೇರಿಸುವುದಕ್ಕೆ ಕರೆದರೋ ಎಂದು ದಾರಿಯುದ್ದಕ್ಕೂ ನಗಾಡಿಕೊಂಡು ಹೋದರಂತೆ. ಮದುವೆಯೇನೋ ಆಯಿತು.

ನಗುವವರು ನಗಲಿ. ರಸಬಾಳೆ ಸಾಕಿದವನಿಗೇ ಗೊತ್ತು ಅದರ ಸಂಕಟ. ಸೊರಗು ರೋಗ ತಗುಲಿದರೆ ಎಲೆ ಅಂಚಿನಿಂದ ಹಳದಿಯಾಗಿ, ಮುರಿದು, ದಿಂಡಿನ ಸುತ್ತ ಲಂಗದ ಹಾಗೆ ಜೋತುಬೀಳುತ್ತದೆ. ಆಮೇಲೆ ಯಾವ ಔಷಧಿ ಹೊಡೆದರೂ ಗಿಡ ಏಳುವುದಿಲ್ಲ, ಮಣ್ಣಿಗಿಳಿದ ರೋಗ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಬಂದವರ ಅಂಗಾಲಿಗಂಟಿದ ಮಣ್ಣಿನಲ್ಲಿ ಅದು ಬರಬಹುದು, ಯಾರೋ ಕೊಟ್ಟ ಕಂದಿನಲ್ಲಿ ಬರಬಹುದು. ಕಂದು ಎಂದರೆ ತಾಯಿಗಿಡದ ಬುಡದಿಂದ ಬಿಡಿಸಿ ನೆಡುವ ಮರಿ. ನೋಡುವುದಕ್ಕೆ ಹಸಿರಾಗಿ, ಮುದ್ದಾಗಿ ಇರುತ್ತದೆ. ಒಳಗೆ ರೋಗವಿದ್ದರೆ ತಿಂಗಳುಗಳು ಕಳೆದ ಮೇಲೆಯೇ ತಿಳಿಯುವುದು. ಶಿವಮಲ್ಲಪ್ಪನವರ ಅಪ್ಪನ ತೋಟ ಹೋದದ್ದು ಹೀಗೆಯೇ, ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಯಾರದೋ ಕೈಯಿಂದ ತಂದು ನೆಟ್ಟ ಕಂದಿನಿಂದ.

ಈ ಎಚ್ಚರಿಕೆ ತೋಟದೊಳಗೇ ಇದ್ದಿದ್ದರೆ ಚೆನ್ನಾಗಿತ್ತು. ಅದು ಬೇಲಿ ಹಾರಿ ಹೊರಗೂ ಬಂದುಬಿಟ್ಟಿತ್ತು. ಅಂಗಡಿಯವನು ತೂಕ ಸರಿಯಾಗಿ ಹಾಕಿದರೆ, ಇವತ್ತು ಯಾಕೆ ಸರಿಯಾಗಿ ಹಾಕಿದ ಎಂದು ಅವರಿಗೆ ಯೋಚನೆ. ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ಬೈಯುವವರು ಎಲ್ಲ ಊರಿನಲ್ಲೂ ಇದ್ದಾರೆ; ಕಲ್ಲು ಸಿಗದೆ ಹೋದರೆ ಮತ್ತೆ ಮೊರಕ್ಕೆ ಹಾಕಿಸುವ ಪೈಕಿ ಇವರು. ಅವರ ಹೆಂಡತಿ ಮಲ್ಲಾಜಮ್ಮ, ನಿಮ್ಮ ನೆರಳು ಯಾಕೆ ಯಾವಾಗಲೂ ನಿಮ್ಮ ಹಿಂದೆಯೇ ಬರುತ್ತದೆಂದು ಒಂದು ದಿನ ಅದರ ಮೇಲೂ ಅನುಮಾನಪಡುತ್ತೀರಿ ಎಂದು ಹೇಳುತ್ತಿದ್ದರು. ಶಿವಮಲ್ಲಪ್ಪನವರು ಅದಕ್ಕೆ ನಗುತ್ತಿರಲಿಲ್ಲ.

ಇಂಥವರನ್ನು ರಸಬಾಳೆ ಬೆಳೆಗಾರರ ಸಂಘಕ್ಕೆ ಅಧ್ಯಕ್ಷರನ್ನಾಗಿ ಮಾಡಿದ್ದಕ್ಕೆ ಕಾರಣವಿತ್ತು. ಸಂಘ ಹಣ್ಣಿಗಿಂತ ಹೆಚ್ಚಾಗಿ ಮಾರುತ್ತಿದ್ದುದು ಕಂದನ್ನು. ಕೈಯಲ್ಲಿ ಹಿಡಿದು ನೋಡಿದರೆ ಒಳ್ಳೆಯ ಕಂದೂ ಕೆಟ್ಟ ಕಂದೂ ಒಂದೇ ತರಹ, ಕೊಳ್ಳುವವನು ನಂಬಬೇಕಾದದ್ದು ಮಾರುವವನ ಮಾತನ್ನು. ಹೆಮ್ಮರಗಾಲದ ಕಂದು ಅಂದರೆ ಶಿವಮಲ್ಲಪ್ಪ ನೋಡಿ ಕೊಟ್ಟದ್ದು, ಕಣ್ಣು ಮುಚ್ಚಿಕೊಂಡು ನೆಡಬಹುದು ಎಂಬ ಮಾತು ಮೈಸೂರು, ಗುಂಡ್ಲುಪೇಟೆಯ ಕಡೆಯೆಲ್ಲ ಓಡಾಡುತ್ತಿತ್ತು. ಸಂಘಕ್ಕೆ ಇದ್ದ ಆಸ್ತಿ ಆ ಹೆಸರೊಂದೇ. ಅದು ಹೋದರೆ ಅವರ ಕಂದನ್ನು ದನವೂ ಮೂಸುವುದಿಲ್ಲವೆಂದು ಸಂಘದವರಿಗೆಲ್ಲ ಗೊತ್ತಿತ್ತು.

ಆ ಹೆಸರನ್ನು ಮೊಬೈಲಿಗೆ ಹತ್ತಿಸಿದವಳು ತೇಜಸ್ವಿನಿ. ಸೋಸಲೆಯ ಹುಡುಗಿ. ನರಸೀಪುರದ ಬಸ್ ನಿಲ್ದಾಣದ ಹತ್ತಿರ, ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಸುತ್ತಮುತ್ತಲಿನವರಿಗೆ ವೆಬ್‌ಸೈಟು ಮಾಡಿಕೊಡುತ್ತಿದ್ದಳು. ಮುಡುಕುತೊರೆಯ ಚಿಕ್ಕಸ್ವಾಮಿಯ ಅಕ್ಕಿ ಗಿರಣಿಗೆ ಮಾಡಿಕೊಟ್ಟಿದ್ದಳು. ಆತನೇ ಅವಳ ವಿಷಯ ಸಂಘಕ್ಕೆ ಹೇಳಿದ್ದು. ಯಾವ ತೋಟ, ಯಾವ ತಾಯಿಗಿಡ ಎಂದು ಫೋಟೋ ಸಮೇತ ತೋರಿಸಿ, ಬೇಕಾದವರು ಅಲ್ಲೇ ಕಂದು ಬುಕ್ ಮಾಡುವ ಹಾಗೆ ಸಂಘದ ವೆಬ್‌ಸೈಟನ್ನು ಕಟ್ಟಿದ್ದಳು. ಎರಡು ಮುಂಗಾರು ಅದು ಚೆನ್ನಾಗಿ ನಡೆಯಿತು. ಅನುಮಾನಪಡುವುದಕ್ಕೆ ಏನೂ ಸಿಗದೆ ಶಿವಮಲ್ಲಪ್ಪನವರಿಗೆ ಒಳಗೊಳಗೇ ಕಸಿವಿಸಿಯಾಗುತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ ಅವಳಿಂದ ಮೆಸೇಜು ಬಂತು. ಬುಕಿಂಗ್ ನಡೆಸುವ ಪ್ಲಗಿನ್ನಿನ ಲೈಸೆನ್ಸು ಮುಗಿಯುತ್ತಿದೆ, ಕಳೆದ ವರ್ಷದ ಹಾಗೆ ಈ ವರ್ಷವೂ ಕಟ್ಟಬೇಕು, ಈ ಮುಂಗಾರಿನ ಬುಕಿಂಗ್ ಶುರುವಾಗುವುದಕ್ಕೆ ಮುಂಚೆ ಕಟ್ಟಿದರೆ ಒಳ್ಳೆಯದು ಎಂದು. ಶಿವಮಲ್ಲಪ್ಪನವರು ಮೊಬೈಲು ಹಿಡಿದುಕೊಂಡು ನಂಜನಗೂಡಿನ ಬಸ್ಸು ಹತ್ತಿದರು. ಅಲ್ಲಿ ಅವರ ತಂಗಿಯ ಮಗ ನಂಜುಂಡೇಶ್ ಜೆರಾಕ್ಸ್, ಆಧಾರ್ ಪ್ರಿಂಟು, ಪಾಸ್‌ಪೋರ್ಟ್ ಫೋಟೋದ ಅಂಗಡಿ ಇಟ್ಟುಕೊಂಡಿದ್ದ. ಕಂಪ್ಯೂಟರಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಇಲ್ಲವೆಂದು ಅವನ ತಾಯಿಯ ನಂಬಿಕೆ, ಅವನದೂ ಕೂಡ.

ನಂಜುಂಡೇಶ್ ಮೆಸೇಜು ಓದಿ ನಕ್ಕ.

‘ಮಾವ, ಈ ಸಾಫ್ಟ್‌ವೇರೇ ಬಿಟ್ಟಿ ಕಣ್ ಮಾವ. ಯಾರ್ ಬೇಕಾದ್ರೂ ತಗೋಬೋದು, ಬಿಚ್ಚಿ ನೋಡ್ಬೋದು, ಇನ್ನೊಬ್ರಿಗೆ ಕೊಡ್ಬೋದು. ಲೋಕಕ್ಕೆಲ್ಲ ಪುಕ್ಕಟೆ ಸಿಗೋದ್ಕೆ ಅವ್ಳು ನಿಮ್ಮತ್ರ ವರ್ಸ ವರ್ಸ ಕಾಸು ಈಸ್ಕೊತಾವ್ಳೆ.’

ಈ ಮಾತಿಗೆ ಶಿವಮಲ್ಲಪ್ಪನವರಿಗೆ ಕೋಪ ಬರಬೇಕಿತ್ತು. ಆದರೆ ಮೊದಲು ಬಂದದ್ದು ಸಮಾಧಾನ. ಎರಡು ವರ್ಷದಿಂದ ಹುಡುಕುತ್ತಿದ್ದ ಕಲ್ಲು ಕೊನೆಗೂ ಹಲ್ಲಿಗೆ ಸಿಕ್ಕಿತ್ತು. ಕೋಪವನ್ನು ಅವರು ಮಾರನೆಯ ದಿನ ನರಸೀಪುರದ ಬಸ್ಸಿನಲ್ಲಿ ಕೂತು ನಿಧಾನವಾಗಿ ಬರಿಸಿಕೊಂಡರು.

ಗೊಬ್ಬರದಂಗಡಿಯ ಮೆಟ್ಟಿಲು ಹತ್ತಿ ಬಂದವರನ್ನು ತೇಜಸ್ವಿನಿ ಫ್ಯಾನಿನ ಕೆಳಗೆ ಕೂರಿಸಿ ನೀರು ಕೊಟ್ಟಳು. ಅವಳು ಸುಳ್ಳು ಹೇಳುತ್ತಾಳೆ, ತಡವರಿಸುತ್ತಾಳೆ, ಆಗ ಹಿಡಿಯಬೇಕು ಎಂದು ಅವರು ಲೆಕ್ಕ ಹಾಕಿಕೊಂಡು ಬಂದಿದ್ದರು. ಅವಳು ತಡವರಿಸಲಿಲ್ಲ. ವೆಬ್‌ಸೈಟಿಗೆ ಅಡಿಪಾಯವಾಗಿರುವ ಸಾಫ್ಟ್‌ವೇರು ಬಿಟ್ಟಿಯೇ ಹೌದು, ಅದಕ್ಕೆ ತಾನು ಒಂದು ಕಾಸೂ ತೆಗೆದುಕೊಂಡಿಲ್ಲ ಎಂದಳು. ಅದರ ಮೇಲೆ ಕೂರಿಸಿದ ಬುಕಿಂಗಿನ ಭಾಗವನ್ನು ಪ್ಲಗಿನ್ ಅನ್ನುತ್ತಾರೆ, ಅದನ್ನು ಯಾರೋ ಮಾಡಿ ಮಾರುತ್ತಾರೆ, ವರ್ಷ ವರ್ಷ ಕಟ್ಟುವುದು ಅವರಿಗೆ ಎಂದು ವಿವರಿಸಿದಳು.

‘ಕಟ್ಟದೆ ಓದ್ರೆ ನಿಂತೋಯ್ತದಾ?’ ಎಂದು ಶಿವಮಲ್ಲಪ್ಪನವರು ಕೇಳಿದರು.

‘ಇಲ್ಲ ಸಾ, ನಿಲ್ಲಲ್ಲ. ನಡೀತದೆ.’

‘ನಡ್ಯೋದಾದ್ಮೇಲೆ ಯಾಕವ್ವ ಕಟ್ಬೇಕು?’

‘ಅದ್ರಲ್ಲಿ ಎಲ್ಲಾದ್ರೂ ತೂತು ಕಂಡ್ರೆ ಮಾಡ್ದೋರು ಮುಚ್ಚಿ ಕಳುಸ್ತಾರೆ ಸಾ. ಕಟ್ಟಿದೋರ್ಗೆ ಮಾತ್ರ ಬತ್ತದೆ. ನಾವು ದುಡ್ಡು ಕೊಡೋದು ಆ ಕಾವಲಿಗೆ.’

ತಾನಾಗಿ ನಡೆಯುವ ವಸ್ತುವಿಗೆ ಕಾವಲಿನ ಕಾಸು! ಶಿವಮಲ್ಲಪ್ಪನವರು ಕುರ್ಚಿಯ ಅಂಚಿಗೆ ಸರಿದು, ನಂಜುಂಡೇಶ್ ಹೇಳಿಕೊಟ್ಟಿದ್ದ ಪ್ರಶ್ನೆಯನ್ನು ಎಸೆದರು. ಇನ್ನೊಬ್ಬರ ಹತ್ತಿರ ಇರುವ ಅದೇ ಪ್ಲಗಿನ್ನನ್ನು ಕಾಪಿ ಮಾಡಿಕೊಂಡರೆ ಅದು ಕಳ್ಳತನವಾಗುತ್ತದೋ ಇಲ್ಲವೋ?

‘ಇಲ್ಲ ಸಾ. ಕಾಪಿ ಮಾಡ್ಬೋದು ಅಂತ ಅದ್ರ ಲೈಸೆನ್ಸಲ್ಲೇ ಬರ್ದವ್ರೆ. ಆದ್ರೆ ಯಾರ್ ಕೈಯಿಂದ ತಗೊತೀವಿ ಅನ್ನೋದು...’

ಆಮೇಲಿನ ಮಾತನ್ನು ಅವರು ಕೇಳಿಸಿಕೊಳ್ಳಲಿಲ್ಲ. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವಳು ಇನ್ನೆಷ್ಟು ದೊಡ್ಡದನ್ನು ಮುಚ್ಚಿಟ್ಟಿರಬೇಕು ಎಂದು ಅವರ ಮನಸ್ಸು ಆಗಲೇ ಬೇರೆ ದಾರಿ ಹಿಡಿದಿತ್ತು. ಲೈಸೆನ್ಸು ಬೇಡ, ಇನ್ನು ಮೇಲೆ ವೆಬ್‌ಸೈಟನ್ನು ನಾವೇ ನೋಡಿಕೊಳ್ಳುತ್ತೇವೆ, ಪಾಸ್‌ವರ್ಡು ಕೊಡು ಎಂದರು. ಅವಳು ಅವರ ಮುಖವನ್ನೇ ಒಂದು ಗಳಿಗೆ ನೋಡಿ, ಪಾಸ್‌ವರ್ಡನ್ನು ಅವರ ಮೊಬೈಲಿಗೆ ಕಳಿಸಿದಳು. ಇವತ್ತೇ ಅದನ್ನು ಬದಲಾಯಿಸಿಬಿಡಿ, ಹಳೆಯದು ನನಗೆ ಗೊತ್ತಿರುತ್ತದಲ್ಲ ಎಂದೂ ಹೇಳಿದಳು. ಇಷ್ಟು ಸುಲಭವಾಗಿ ಬೀಗದ ಕೈ ಕೊಡುವವಳು ಇನ್ನೊಂದನ್ನು ಸೆರಗಿಗೆ ಗಂಟು ಹಾಕಿಕೊಂಡೇ ಇರುತ್ತಾಳೆ ಎಂದುಕೊಳ್ಳುತ್ತ ಶಿವಮಲ್ಲಪ್ಪನವರು ಮೆಟ್ಟಿಲಿಳಿದರು.

ಬಸ್ ನಿಲ್ದಾಣದಲ್ಲಿ ನಿಂತುಕೊಂಡೇ ಮುಡುಕುತೊರೆಯ ಚಿಕ್ಕಸ್ವಾಮಿಗೆ ಫೋನು ಮಾಡಿದರು. ನೀನು ಹೇಳಿದ ಹುಡುಗಿ ಪುಕ್ಕಟೆ ಸಿಗುವುದನ್ನು ಮಾರುತ್ತಿದ್ದಾಳೆ, ಸ್ವಲ್ಪ ನೋಡಿಕೋ, ನಿನ್ನ ಕಡೆಯವರಿಗೂ ಹೇಳು ಎಂದರು. ಚಿಕ್ಕಸ್ವಾಮಿ ಮೊದಲು ನಂಬಲಿಲ್ಲ. ಆದರೆ ಹೇಳುತ್ತಿರುವವರು ಶಿವಮಲ್ಲಪ್ಪ. ಕಂದಿನೊಳಗಿನ ಹುಳುಕನ್ನೇ ಕಂಡುಹಿಡಿಯುವವರ ಮಾತನ್ನು ತೆಗೆದುಹಾಕುವುದಾದರೂ ಹೇಗೆ. ಆಯಿತು, ನೋಡುತ್ತೇನೆ ಎಂದ. ಒಂದು ಉಪಕಾರ ಮಾಡಿದ ನೆಮ್ಮದಿಯಲ್ಲಿ ಶಿವಮಲ್ಲಪ್ಪನವರು ಬಸ್ಸು ಹತ್ತಿದರು.

ಪಾಸ್‌ವರ್ಡನ್ನು ನಂಜುಂಡೇಶ್ ಅಂದೇ ಬದಲಾಯಿಸಿದ. ಸ್ವಲ್ಪ ದಿನಕ್ಕೆ, ವೆಬ್‌ಸೈಟಿನ ಒಳಗೆ ಹೋದರೆ, ಲೈಸೆನ್ಸು ಮುಗಿದಿದೆ ಎಂಬ ಕೆಂಪು ಪಟ್ಟಿಯೊಂದು ಮೇಲೆ ಕಾಣಿಸುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಯಾರೋ ಸಾಲ ಕೇಳಿದ ಹಾಗೆ ಶಿವಮಲ್ಲಪ್ಪನವರಿಗೆ ಕಿರಿಕಿರಿ. ನಂಜುಂಡೇಶ್ ಅದಕ್ಕೂ ದಾರಿ ಹುಡುಕಿದ. ಕಾಸು ಕೊಟ್ಟು ತೆಗೆದುಕೊಳ್ಳುವ ಪ್ಲಗಿನ್‌ಗಳನ್ನೆಲ್ಲ ಲೈಸೆನ್ಸು ಕಿತ್ತುಹಾಕಿ ರಾಶಿ ಸುರಿದಿರುವ ಜಾಗವೊಂದು ನೆಟ್ಟಿನಲ್ಲಿತ್ತು. ಅಲ್ಲಿಂದ ಬುಕಿಂಗ್ ಪ್ಲಗಿನ್ನಿನ ಹೊಸ ಕಾಪಿಯೊಂದನ್ನು ಇಳಿಸಿ, ಹಳೆಯದನ್ನು ತೆಗೆದು ಅದನ್ನು ಕೂರಿಸಿದ. ಕೆಂಪು ಪಟ್ಟಿ ಮಾಯವಾಯಿತು. ಅದನ್ನು ಅಲ್ಲಿ ತಂದಿಟ್ಟವರು ಯಾರು, ಯಾಕೆ ಇಟ್ಟರು, ಅವರಿಗೇನು ಲಾಭ ಎಂದು ಶಿವಮಲ್ಲಪ್ಪನವರು ಕೇಳಲಿಲ್ಲ. ಜೀವಮಾನದಲ್ಲಿ ಅವರು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ ಇರಬೇಕು. ಬಿಟ್ಟಿ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎಂಬ ಗಾದೆ ಹುಟ್ಟಿದ್ದು ಇಂಥ ಹೊತ್ತಿನಲ್ಲೇ. ಇಬ್ಬರೂ ಎದುರಿನ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದರು.

ಮೊದಲ ಫೋನು ಬಂದದ್ದು ಬುಕಿಂಗ್ ಶುರುವಾದ ಮೇಲೆ, ಗುಂಡ್ಲುಪೇಟೆಯ ಹಳೆಯ ಗಿರಾಕಿಯೊಬ್ಬರಿಂದ. ನಿಮ್ಮ ಸಂಘದ ಹೆಸರು ಹುಡುಕಿ ಒತ್ತಿದರೆ ಇಸ್ಪೀಟಾಟ ಬರುತ್ತದಲ್ಲ ಎಂದರು. ಶಿವಮಲ್ಲಪ್ಪನವರು ನಂಜುಂಡೇಶನ ಅಂಗಡಿಯಲ್ಲಿ ತೆರೆದು ನೋಡಿದರು. ತಾಯಿಗಿಡಗಳ ಫೋಟೋ ಸಾಲಾಗಿ, ಚೆನ್ನಾಗಿ ಇತ್ತು. ಆ ಗಿರಾಕಿಗೇ ಇಸ್ಪೀಟಿನ ಚಟವಿರಬೇಕು, ಆಡುವುದು ಇವನು, ನೆಪ ನಮ್ಮ ಕಂದಿಗೆ ಎಂದು ತೀರ್ಮಾನಿಸಿದರು. ಮೈಸೂರಿನಿಂದ ಮೇಷ್ಟ್ರೊಬ್ಬರು ಅದನ್ನೇ ಹೇಳಿದಾಗ, ಮೇಷ್ಟ್ರುಗಳೂ ಹೀಗಾದರೆ ಮಕ್ಕಳ ಗತಿಯೇನು ಎಂದು ಮಲ್ಲಾಜಮ್ಮನ ಹತ್ತಿರ ಪೇಚಾಡಿದರು. ಅವರು ನೋಡಿದಾಗಲೆಲ್ಲ ಎಲ್ಲ ಸರಿಯಾಗಿಯೇ ಇರುತ್ತಿತ್ತು.

ಆದರೆ ಬುಕಿಂಗ್ ನಿಂತುಹೋಯಿತು. ಹೋದ ವರ್ಷ ಈ ಹೊತ್ತಿಗೆ ಕಂದು ಸಾಲದೆ ಬಂದಿತ್ತು, ಈಗ ಕೇಳುವವರಿಲ್ಲ. ಸಂಘದ ಪುಟ್ಟಗೌರಮ್ಮನ ಅಳಿಯ ಚಾಮರಾಜನಗರದಿಂದ ಒಂದು ಫೋಟೋ ಕಳಿಸಿದ. ಸಂಘದ ಹೆಸರು ಒತ್ತಿದರೆ ಪರದೆಯೆಲ್ಲ ಕೆಂಪಾಗಿ, ಈ ಜಾಗಕ್ಕೆ ಹೋಗಬೇಡಿ, ಅಪಾಯವಿದೆ ಎಂದು ಬರೆದು ತೋರಿಸುತ್ತಿತ್ತು. ಅದೇ ವಾರ ಗುಂಡ್ಲುಪೇಟೆಯ ಗಿರಾಕಿ ಮತ್ತೆ ಫೋನು ಮಾಡಿದರು. ಬೋರ್ಡು ಒಂದು, ಒಳಗೆ ಇನ್ನೊಂದು. ಇನ್ನು ನಿಮ್ಮ ಕಂದು ಯಾವ ತೋಟದ್ದೆಂದು ನಾವು ಹೇಗೆ ನಂಬೋಣ, ಈ ಸಲ ಬೇರೆ ಕಡೆ ತೆಗೆದುಕೊಳ್ಳುತ್ತೇವೆ ಎಂದರು. ಬೇರೆ ಏನು ಅಂದಿದ್ದರೂ ಶಿವಮಲ್ಲಪ್ಪನವರು ತಡೆದುಕೊಳ್ಳುತ್ತಿದ್ದರು. ಅವರ ಕಂದನ್ನು ನಂಬುವುದಿಲ್ಲ ಎಂದು ಅಲ್ಲಿಯವರೆಗೆ ಯಾರೂ ಅಂದಿರಲಿಲ್ಲ. ಅಂದು ಅವರು ಊಟದ ತಟ್ಟೆಯ ಮುಂದೆ ಕೂತು ಹಾಗೇ ಎದ್ದುಹೋದರು.

ಯಾರು ಮಾಡಿದರು ಎಂಬುದಕ್ಕೆ ಅವರ ಹತ್ತಿರ ಉತ್ತರ ಸಿದ್ಧವಾಗಿತ್ತು. ಸೆರಗಿನಲ್ಲಿ ಇನ್ನೊಂದು ಬೀಗದ ಕೈ ಇಟ್ಟುಕೊಂಡವಳು ಈಗ ಹಗೆ ತೀರಿಸಿಕೊಳ್ಳುತ್ತಿದ್ದಾಳೆ. ನಂಜುಂಡೇಶ್ ಕೇಳಿದ ಕೂಡಲೇ ತಲೆಯಾಡಿಸಿ, ಅವಳೇ ಮಾವ, ಇನ್ಯಾರು ಎಂದ. ಅವನು ಒಪ್ಪಿಕೊಂಡ ಆತುರ ನೋಡಿದರೆ ಬೇರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಇಷ್ಟೆಲ್ಲ ಅನುಮಾನವಿದ್ದ ಮನುಷ್ಯನಿಗೆ ಅದೊಂದು ಬರಲಿಲ್ಲ. ಶಿವಮಲ್ಲಪ್ಪನವರು ತೇಜಸ್ವಿನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಅಂದರು. ಪೊಲೀಸಿಗೆ ಕೊಡುತ್ತೇನೆ ಎಂದರು.

‘ನಾಳೆ ನಾನೇ ನಿಮ್ಮೂರ್ಗೆ ಬತ್ತೀನಿ ಸಾ,’ ಎಂದಳು ತೇಜಸ್ವಿನಿ. ‘ನಿಮ್ ಸಂಘದೋರೆಲ್ಲ ಇರ್ಲಿ. ಎಲ್ರ ಮುಂದೇನೆ ಬಿಚ್ಚಿ ನೋಡನ.’

ತಾನಾಗಿಯೇ ಬರುತ್ತೇನೆ ಅನ್ನುತ್ತಾಳಲ್ಲ, ಇದರಲ್ಲಿ ಏನಿದೆಯೋ ಎಂದು ಅವರು ಅದನ್ನೂ ಮಗುಚಿ ಮಗುಚಿ ನೋಡಿದರು.

ಸಂಘದವರು ತೋಟದ ಪಂಪ್‌ಸೆಟ್ ಮನೆಯ ಜಗಲಿಯಲ್ಲಿ ಸೇರಿದ್ದರು. ಶಿವಮಲ್ಲಪ್ಪನವರು ಗೇಟಿನಲ್ಲೇ ಕಾದು ನಿಂತಿದ್ದರು. ತೇಜಸ್ವಿನಿ ಹೆಗಲಿಗೆ ಲ್ಯಾಪ್‌ಟಾಪಿನ ಬ್ಯಾಗು ಹಾಕಿಕೊಂಡು ಬಸ್ಸಿಳಿದು ನಡೆದು ಬಂದಳು. ಅವರು ಬಾ ಎನ್ನಲಿಲ್ಲ, ತೊಟ್ಟಿಯ ಕಡೆ ಕೈ ತೋರಿಸಿದರು. ಅವಳು ಚಪ್ಪಲಿ ಬಿಟ್ಟು, ಚೂಡಿದಾರದ ಅಂಚು ಎತ್ತಿಕೊಂಡು ಕಾಲು ಅದ್ದಿದಳು. ಆ ಬ್ಯಾಗನ್ನು ಬಸ್ಸಿನಲ್ಲಿ ಕೆಳಗೆ ಇಟ್ಟಿದ್ದೆಯಾ ಎಂದು ಅವರು ಕೇಳಿದರು. ಹೌದು ಎಂದಳು. ಅವರು ಬಟ್ಟೆಯೊಂದನ್ನು ಆ ನೀರಿನಲ್ಲಿ ಅದ್ದಿ, ಹಿಂಡಿ ಬ್ಯಾಗಿನ ತಳವನ್ನೂ ಒರೆಸಿದರು. ಅವಳು ಬ್ಯಾಗನ್ನು ಎತ್ತಿ ಹಿಡಿದುಕೊಂಡು ನಿಂತಳು.

ಹೊಸಬರು ಯಾರು ಬಂದರೂ ಅವರು ಹೇಳುವ ಒಂದು ಪಾಠವಿತ್ತು. ಎದುರಿಗಿರುವವಳು ಶತ್ರುವೇ ಆದರೂ ಬಾಯಿಗೆ ಅಭ್ಯಾಸವಾದದ್ದು ತಡೆಯಲಿಲ್ಲ. ಸಾಲುಗಳ ನಡುವೆ ನಡೆಯುತ್ತ, ಇದು ಯಾಕೆ ಅಂತ ಗೊತ್ತೇನವ್ವ ಎಂದು ಶುರುಮಾಡಿದರು.

‘ರೋಗ ಕಣ್ಗೆ ಕಾಣಾಕಿಲ್ಲ. ಕಂದು ನೋಡಾಕೆ ಹಸ್ರಾಗೇ ಇರ್ತದೆ. ತಾಯಿಗಿಡ ನೋಡ್ದೆ, ಕಿತ್ತೋನ್ ಕೈ ನೋಡ್ದೆ ಒಂದ್ ಕಂದೂ ಒಳಕ್ ಬುಡ್ಬಾರ್ದು. ನಮ್ಮಪ್ಪ ಬುಟ್ಟು ಕೆಟ್ಟ.’

ತೇಜಸ್ವಿನಿ ನಡೆಯುತ್ತಿದ್ದವಳು ನಿಂತು ಅವರ ಕಡೆ ನೋಡಿದಳು. ಆಮೇಲೆ ಮುಂದೆ ನಡೆದಳು.

ಜಗಲಿಯಲ್ಲಿ ಅವಳು ಮೊದಲು ಕೇಳಿದ್ದು ಪುಟ್ಟಗೌರಮ್ಮನ ಮೊಬೈಲನ್ನು. ಅದರಲ್ಲಿ ಸಂಘದ ಹೆಸರು ಹುಡುಕಿ, ಕೆಂಪು ಎಚ್ಚರಿಕೆಯನ್ನು ದಾಟಿ ಒತ್ತಿದಳು. ಬಾಳೆಗಿಡ ಬರಲಿಲ್ಲ; ಬಣ್ಣ ಬಣ್ಣದ ಇಸ್ಪೀಟು ಎಲೆಗಳು ಸುತ್ತುತ್ತ ಬಂದವು. ಶಿವಮಲ್ಲಪ್ಪನವರು ತಮ್ಮ ಕಣ್ಣಿನಿಂದ ಅದನ್ನು ನೋಡಿದ್ದು ಅದೇ ಮೊದಲು. ಮೊಬೈಲಿನಲ್ಲಿ ಹುಡುಕಿಕೊಂಡು ಬರುವ ಹೊಸಬರನ್ನು ಮಾತ್ರ ಇದು ಹಿಡಿಯುತ್ತದೆ, ಪಾಸ್‌ವರ್ಡು ಇರುವ ಮನೆಯವರು ಒಳಗೆ ಬಂದು ನೋಡಿದರೆ ಅಡಗಿಕೊಳ್ಳುತ್ತದೆ, ಅದಕ್ಕೇ ನಿಮಗೆ ಕಾಣಲಿಲ್ಲ ಎಂದಳು.

ಆಮೇಲೆ, ಅಲ್ಲೇ ಕೂತಿದ್ದ ನಂಜುಂಡೇಶನ ಕೈಯಿಂದ ಹೊಸ ಪಾಸ್‌ವರ್ಡು ಹಾಕಿಸಿ, ಲ್ಯಾಪ್‌ಟಾಪಿನಲ್ಲಿ ಎರಡು ಪುಟಗಳನ್ನು ಅಕ್ಕಪಕ್ಕ ತೆರೆದಳು. ಎಡಗಡೆಯದು ಅದನ್ನು ಮಾಡಿದವರಿಂದಲೇ ಅವಳು ಕೊಂಡಿದ್ದ ಪ್ಲಗಿನ್ನು, ಬಲಗಡೆಯದು ಈಗ ಸಂಘದ ವೆಬ್‌ಸೈಟಿನಲ್ಲಿ ಕೂತಿರುವುದು. ಎರಡನ್ನೂ ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಮುಚ್ಚುಮರೆ ಏನೂ ಇಲ್ಲ ಎಂದಳು.

‘ಓದ್ಬೇಕಾಗಿಲ್ಲ ಸಾ. ಎರಡೂ ಒಂದೇ ಥರ ಅವೆಯಾ ನೋಡಿ, ಸಾಕು.’

ಶಿವಮಲ್ಲಪ್ಪನವರು ಕನ್ನಡಕ ಏರಿಸಿ ಬಗ್ಗಿದರು. ಅಕ್ಷರ ಇಂಗ್ಲಿಷಿನದು, ಆದರೆ ಸಾಲಿಗೆ ಸಾಲು ಹೊಂದುವುದು ಯಾರಿಗಾದರೂ ಕಾಣುತ್ತಿತ್ತು. ಅವಳು ಕೆಳಗೆ ಕೆಳಗೆ ಸರಿಸುತ್ತ ಹೋದಳು, ಎರಡೂ ಒಂದೇ ಸಮ ಇಳಿದವು. ಒಂದು ಕಡೆ ನಿಲ್ಲಿಸಿದಳು. ಎಡಗಡೆ ಖಾಲಿ. ಬಲಗಡೆ, ನಡುವೆ ಜಾಗವೇ ಇಲ್ಲದೆ ಒತ್ತೊತ್ತಾಗಿ ತುಂಬಿದ ಅಕ್ಷರಗಳ ಒಂದು ಗಡ್ಡೆ ಇತ್ತು.

‘ಇದು ಮಾಡ್ದೋರು ಬರ್ದಿದ್ದಲ್ಲ,’ ಎಂದಳು. ‘ಆಮೇಲೆ ಯಾರೋ ಸೇರ್ಸಿ, ಬಿಟ್ಟಿ ಅಂತ ಹಂಚವ್ರೆ. ಇದ್ನ ಎಲ್ಲಿಂದ ತಂದ್ರಿ?’

ಎಲ್ಲರೂ ನಂಜುಂಡೇಶನ ಕಡೆ ತಿರುಗಿದರು. ನೆಟ್ಟಿನಲ್ಲಿ ಇತ್ತು ಎಂದ ಅವನು. ಯಾರು ಇಟ್ಟಿದ್ದರು ಎಂದು ಅವಳು ಕೇಳಿದಳು. ಅದು ಅವನಿಗೆ ಗೊತ್ತಿರಲಿಲ್ಲ. ಕಾಪಿ ಮಾಡಿಕೊಳ್ಳಬಹುದು ಎಂದು ನೀವೇ ಹೇಳಿದ್ದಿರಂತಲ್ಲ ಎಂದು ಗೊಣಗಿದ. ಹೇಳಿದ್ದೆ, ಈಗಲೂ ಹೇಳುತ್ತೇನೆ, ಕಾಪಿ ಮಾಡುವುದು ತಪ್ಪಲ್ಲ ಎಂದಳು ತೇಜಸ್ವಿನಿ. ಅಷ್ಟಕ್ಕೇ ನಿಲ್ಲಿಸಿದಳು. ಅಂದು ನರಸೀಪುರದಲ್ಲಿ ಅವಳ ಮಾತು ತುಂಡಾಗಿದ್ದು ಎಲ್ಲಿ ಎಂಬುದು ಶಿವಮಲ್ಲಪ್ಪನವರಿಗೆ ಆಗ ನೆನಪಾಯಿತು.

ಅವರು ಅವಳ ಮುಖವನ್ನೇ ನೋಡಿದರು. ಇವಳೇ ಸೇರಿಸಿ ತಂದು ತೋರಿಸುತ್ತಿರಬಹುದೇ ಎಂದು ಕಡೆಯ ಸಲ ಹುಡುಕಿದರು. ಹಿಡಿದುಕೊಳ್ಳುವುದಕ್ಕೆ ಅಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದು ಸ್ವಲ್ಪ ಹೊತ್ತಿನ ಹಿಂದೆ ತಾವೇ ಸಾಲುಗಳ ನಡುವೆ ಆಡಿದ ಮಾತು. ಸಂತೆಯಿಂದ ಕಂದಿನ ಮೂಟೆ ಹೊತ್ತು, ಅಗ್ಗಕ್ಕೆ ಸಿಕ್ತು ಕಣ್ಲಾ ಎಂದು ನಗುತ್ತ ಬಂದ ಅಪ್ಪನ ಮುಖ ಕಣ್ಣ ಮುಂದೆ ಬಂತು. ಅಷ್ಟು ಜನರ ಮುಂದೆ ಅವರು ಜಗಲಿಯ ಕಂಬ ಹಿಡಿದುಕೊಂಡು ಎದ್ದು ನಿಂತರು.

‘ಬಂದೋರ್ ಎಲ್ರ ಕಾಲೂ ತೊಳಿಸ್ದೆ,’ ಎಂದರು. ‘ಇದೊಂದ್ರುದು ತೊಳಿಸ್ನಿಲ್ಲ.’

ತೇಜಸ್ವಿನಿ ಕೆಲಸಕ್ಕೆ ಕೂತಳು. ರೋಗದ ಪ್ಲಗಿನ್ನನ್ನು ಕಿತ್ತುಹಾಕಿದಳು, ಅದು ಬೇರೆ ಎಲ್ಲಾದರೂ ಬೇರು ಬಿಟ್ಟಿದೆಯೇ ಎಂದು ಹುಡುಕಿ ತೆಗೆದಳು, ತನ್ನ ಹತ್ತಿರವಿದ್ದ ಒಳ್ಳೆಯದನ್ನು ಕೂರಿಸಿದಳು. ಕೆಂಪು ಎಚ್ಚರಿಕೆ ಹೋಗುವುದಕ್ಕೆ ಕೆಲವು ದಿನ ಬೇಕು, ಗಿರಾಕಿಗಳ ಫೋನ್ ನಂಬರುಗಳು ಕೈ ತಪ್ಪಿ ಹೋಗಿರಲೂಬಹುದು, ಎಲ್ಲರಿಗೂ ನೀವೇ ಫೋನು ಮಾಡಿ ಆದದ್ದನ್ನು ಹೇಳಿಬಿಡಿ ಎಂದಳು. ಮಲ್ಲಾಜಮ್ಮ ತಂದುಕೊಟ್ಟ ಮಜ್ಜಿಗೆಯನ್ನು ಕುಡಿದಳು.

ಲೈಸೆನ್ಸು ಕಟ್ಟುತ್ತೇವೆ, ಮೊದಲಿನ ಹಾಗೆ ನೀನೇ ನೋಡಿಕೋ ಎಂದು ಶಿವಮಲ್ಲಪ್ಪನವರು ಕೇಳಿದರು. ಅವಳು ಲ್ಯಾಪ್‌ಟಾಪು ಮುಚ್ಚಿದಳು.

‘ಲೈಸೆನ್ಸ್ನ ಸಂಘದ ಹೆಸ್ರಲ್ಲೇ ತಗೊಳ್ಳಿ ಸಾ. ಹೆಂಗೆ ಅಂತ ಬರ್ದು ಕಳುಸ್ತೀನಿ. ನನ್ ಹೆಸ್ರಲ್ಲಿ ಬ್ಯಾಡ.’ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕುತ್ತ ಹೇಳಿದಳು, ‘ಚಿಕ್ಕಸ್ವಾಮಣ್ಣ ನನ್ ಕೆಲ್ಸ ನಿಲ್ಸುದ್ರು. ಅವ್ರ ಮಾತ್ ಕೇಳ್ಕೊಂಡು ಇನ್ನೂ ಕೆಲವ್ರು ನಿಲ್ಸವ್ರೆ.’

ಬಸ್ ನಿಲ್ದಾಣದಿಂದ ಮಾಡಿದ ಆ ಫೋನನ್ನು ಶಿವಮಲ್ಲಪ್ಪನವರು ಮರೆತೇಬಿಟ್ಟಿದ್ದರು. ಅಲ್ಲಿಯೇ, ಅವಳ ಎದುರಿಗೇ ಚಿಕ್ಕಸ್ವಾಮಿಗೆ ಫೋನು ಹಚ್ಚಿದರು. ಹುಡುಗಿಯದು ಏನೂ ತಪ್ಪಿಲ್ಲ, ತಪ್ಪೆಲ್ಲ ನನ್ನದು, ನಾನೇ ತಿಳಿಯದೆ ಹೇಳಿಬಿಟ್ಟೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಚಿಕ್ಕಸ್ವಾಮಿ ಎಲ್ಲವನ್ನೂ ಕೇಳಿಸಿಕೊಂಡು, ದನಿ ತಗ್ಗಿಸಿ ಕೇಳಿದ.

‘ಅವ್ಳೇನಾರ ಪಕ್ಕದಲ್ಲೇ ಅವ್ಳಾ ಅಣ್ಣ? ಎದುರ್ಸಿ ಹೇಳುಸ್ತಾವ್ಳಾ?’

ಇಲ್ಲಪ್ಪ, ಹಾಗಲ್ಲ ಎಂದು ಎಷ್ಟು ಹೇಳಿದರೂ ಆ ಕಡೆಯಿಂದ ಹೂಂ, ಹೂಂ ಎಂಬುದಷ್ಟೇ ಬಂತು. ಆ ಹೂಂಕಾರದ ಅರ್ಥ ಶಿವಮಲ್ಲಪ್ಪನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜೀವಮಾನವೆಲ್ಲ ಅವರೇ ಹಾಕಿದ್ದು ಅದು. ರೋಗ ಆಗಲೇ ಮಣ್ಣಿಗಿಳಿದಿತ್ತು. ಅವರು ಫೋನನ್ನು ಜೇಬಿಗಿಟ್ಟುಕೊಂಡರು.

ಅವಳು ಹೊರಟಾಗ ಅವರು, ಒಂದು ಗಳಿಗೆ ನಿಲ್ಲವ್ವ ಎಂದು ಪಿಕಾಸಿ ತೆಗೆದುಕೊಂಡು ಒಳಗಿನ ಸಾಲಿಗೆ ಹೋದರು. ಸ್ವಂತ ತಂಗಿ ಕೇಳಿದರೂ ಅವರು ಕಂದು ಕೊಡದ ತಾಯಿಗಿಡವೊಂದು ಅಲ್ಲಿತ್ತು. ಅದರ ಬುಡ ಬಿಡಿಸಿ, ಕತ್ತಿಯಂಥ ಎಲೆಯ ಒಳ್ಳೆಯ ಕಂದೊಂದನ್ನು ನೋವಾಗದ ಹಾಗೆ ಕಿತ್ತು, ಬೇರಿನ ಮಣ್ಣು ತೊಳೆದು, ಬಾಳೆ ಪಟ್ಟೆಯಲ್ಲಿ ಸುತ್ತಿ ತಂದರು. ಅವಳಿಗೆ ಸೋಸಲೆಯಲ್ಲಿ ಹೊಳೆ ಪಕ್ಕದ ಜಮೀನಿದೆ ಎಂದು ಎಂದೋ ಕೇಳಿದ್ದರು. ಅಲ್ಲಿ ಮೊದಲು ಬಾಳೆ ಹಾಕಿದ್ದಿರಾ, ನೀರು ಎಲ್ಲಿಂದ ಬರುತ್ತದೆ, ಪಕ್ಕದ ತೋಟದವರು ಯಾರು ಎಂಬ ಪ್ರಶ್ನೆಗಳೆಲ್ಲ ನಾಲಗೆಯ ತುದಿಯವರೆಗೆ ಬಂದಿದ್ದವು. ಒಂದನ್ನೂ ಕೇಳದೆ ಕಂದನ್ನು ಎರಡೂ ಕೈಯಲ್ಲಿ ಹಿಡಿದು ನೀಡಿದರು.

ತೇಜಸ್ವಿನಿ ಕಂದನ್ನು ನೋಡಿದಳು. ಅದರ ಬೆಲೆ ಅವಳಿಗೆ ಗೊತ್ತಿತ್ತು. ಆ ತಾಯಿಗಿಡದ ಫೋಟೋವನ್ನು ವೆಬ್‌ಸೈಟಿಗೆ ಹಾಕಿದವಳೇ ಅವಳು.

‘ಬ್ಯಾಡ ಸಾ,’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ‘ನಾಳೆ ನಿಮ್ ತೋಟಕ್ಕೆ ಏನಾರ ಆದ್ರೆ, ಸೋಸಲೆಯೋಳು ಒಬ್ಳು ಬಂದಿದ್ಲು ಅಂತೀರಿ.’

ಅವಳು ಗೇಟು ದಾಟಿ ಚಪ್ಪಲಿಯ ಹತ್ತಿರ ಹೋದವಳು, ಹಿಂದಕ್ಕೆ ಬಂದು ಬ್ಯಾಗನ್ನು ಗೇಟಿಗೆ ನೇತುಹಾಕಿ, ತೊಟ್ಟಿಯಲ್ಲಿ ಮತ್ತೆ ಕಾಲು ಅದ್ದಿದಳು. ಬೆರಳ ಸಂದಿಯನ್ನೂ ಬಿಡದೆ ತೊಳೆದಳು. ಒಳಗೆ ಬರುವಾಗ ತೊಳೆದವರನ್ನು ಅವರು ಬೇಕಾದಷ್ಟು ನೋಡಿದ್ದರು, ಹೊರಗೆ ಹೋಗುವಾಗ ತೊಳೆದವರನ್ನು ನೋಡಿರಲಿಲ್ಲ.

‘ಓಗೋವಾಗ ಬೇಕಾಗಿಲ್ಲ ಕಣವ್ವ,’ ಎಂದರು ಅವರು.

‘ನಾನೂ ಇನ್ನು ನಾಕ್ ಜನ್ರ ಬಾಗ್ಲಿಗೆ ಹೋಗ್ಬೇಕಲ್ಲ ಸಾ.’

ಕಾಲು ಒದರಿ, ಚಪ್ಪಲಿ ಮೆಟ್ಟಿಕೊಂಡು, ಅವಳು ಬಸ್ಸಿನ ಕಡೆ ನಡೆದಳು. ತೊಟ್ಟಿಯಿಂದ ಚಪ್ಪಲಿ ಬಿಟ್ಟಿದ್ದ ಜಾಗದವರೆಗೆ ಕಲ್ಲಿನ ಮೇಲೆ ಮೂಡಿದ್ದ ಒದ್ದೆ ಹೆಜ್ಜೆಗಳು ಬಿಸಿಲಿಗೆ ಆರಿಹೋದವು. ಶಿವಮಲ್ಲಪ್ಪನವರು ಕಂದನ್ನು ಹಿಡಿದುಕೊಂಡೇ ಗೇಟಿನಲ್ಲಿ ನಿಂತಿದ್ದರು. ಮಲ್ಲಾಜಮ್ಮ ಬಂದು ತೊಟ್ಟಿಯ ನೀರನ್ನು ಚೆಲ್ಲಿ, ಹೊಸ ನೀರು ತುಂಬುವುದಕ್ಕೆ ಕೊಡ ತೆಗೆದುಕೊಂಡು ಹೋದರು.